ವಿಭೂತಿ ಹಚ್ಚಿದ ಲಿನಕ್ಸ್

ನಮ್ಮ ಮೈದುನನಿಗೆ ಹುಚ್ಚು ಎಂದು ಕೊಟ್ಟೂರಿನಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಹುಚ್ಚರು ಮನೆಯವರಿಗೆ ನಡುನಡುವೆ ಬಿಡುವನ್ನಾದರೂ ಕೊಡುತ್ತಾರೆ!

ಎರಡು ಸಾವಿರದ ಇಸವಿ ದಾಟಿದ ಹೊಸತು. ಯಾವುದೋ ಆಫೀಸಿನವರು ಹೊರಗೆ ಹಾಕಿದ ಕಂಪ್ಯೂಟರನ್ನು ಹರಪನಹಳ್ಳಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಎಲ್ಲ ನಮ್ಮ ಅತ್ತೆಗಾಗಿ. ಅವರ ಕಣ್ಣು ಮಂಜಾಗಿ, ನಿತ್ಯದ ಪುರಾಣ ಓದುವುದು ನಿಂತಿತ್ತು. ಇನ್ನು ಕನ್ನಡಕದಿಂದ ಆಗದು ಎಂದಿದ್ದರು ಡಾಕ್ಟರು. ಪುರಾಣ ಓದದೆ ಎಂದೂ ಉಣ್ಣದವರು, ಈಗ ತಾಟಿನ ಮುಂದೆ ಕೂತರೂ ಎರಡು ತುತ್ತಿಗೆ ಏಳುತ್ತಿದ್ದರು.

"ಅವ್ವಗ ಕುಂಬಳಕಾಯಿಯಷ್ಟು ಅಕ್ಷರ ಮಾಡಿ ತೋರಸ್ತೀನಿ, ನೋಡ್ರಿ ಅತ್ತಿಗಿ!" ಎಂದ.

ಆದರೆ ಮುದಿ ಕಂಪ್ಯೂಟರು ಏನು ಹಾಕಿದರೂ ಏದುಸಿರು ಬಿಡುತ್ತಿತ್ತು. ಅದನ್ನು ನಡೆಸಲು ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಬೇಕಂತೆ, ಅದರಲ್ಲೂ ಹಗುರವಾದದ್ದು. ಅದರಲ್ಲಿ ಎಷ್ಟು ಬಗೆ ಅಂತೀರಿ? ನಮ್ಮ ಸಂತೆಯ ಮೆಣಸಿನಕಾಯಿಯಲ್ಲೂ ಅಷ್ಟಿಲ್ಲ! ಹಗುರವಾದದ್ದಕ್ಕೆ ಕನ್ನಡ ಬಾರದು. ಕನ್ನಡ ಬರುವುದನ್ನು ಈ ಮುದಿ ಯಂತ್ರ ಹೊರಲಾರದು. ಇವನು ಹುಡುಕುವುದು, ನಾನು ಚಹಾ ಕುದಿಸುವುದು. ಸದ್ಯ, ಎಮ್ಮೆ ಹಾಲು ಬತ್ತಿಸಿರಲಿಲ್ಲ, ಶಿವನ ದಯೆ.

"ಹಡಗಲಿಯಾಗ ಹೆಣ್ಣು ಐತಿ, ನೋಡಕ ಹೋಗಪಾ" ಎಂದೆ ಒಮ್ಮೆ.

"ತೂಕ ಎಷ್ಟು?" ಎಂದ, ಪರದೆಯಿಂದ ಕಣ್ಣು ಕೀಳದೆ.

ಕೊನೆಗೆ ದಾವಣಗೆರೆಯ ಗೆಳೆಯನೊಬ್ಬ ಹಗುರವೂ ಆದ, ಕನ್ನಡವೂ ಬರುವ ಲಿನಕ್ಸಿನ ಸಿ.ಡಿ. ಕೊಟ್ಟ. ಹಾಕಿದರೆ ಉಸಿರೇ ಇಲ್ಲ! ಇನ್ನೊಂದು ತಂದ. ಅದೂ ಅಷ್ಟೇ. "ಇದೂ ಭಾರ ಆತು" ಎಂದು ತಲೆ ಹಿಡಿದು ಕೂತ.

"ತಾ ಇಲ್ಲಿ, ಕಣ್ಣಿಗರ ಒತ್ಕೋತೀನಿ" ಎಂದು ಅತ್ತೆ ಸಿ.ಡಿ. ಇಸಿದುಕೊಂಡರು. ಬೆರಳಾಡಿಸಿದವರೇ ಕೂಗಿದರು: "ಅಲ್ಲೋ, ಹೊಳಿಯೋ ಮಾರಿಗೇ ವಿಭೂತಿ ಬಡದೀಯಲ್ಲೋ! ಅದಕ್ಕರ ಹೆಂಗ ಕಾಣಬೇಕು? ನನ್ನಂಗ ಅದರ ಕಣ್ಣೂ ಮುಚ್ಯಾವು!"

ನಮ್ಮ ಮನೆಯ ಪದ್ಧತಿ ಅದು. ಸೀರೆಯಾಗಲಿ, ಸುತ್ತಿಗೆಯಾಗಲಿ, ಹೊಸದು ಬಂದರೆ ದೇವರ ಮುಂದಿಟ್ಟು ಮೂರು ಬೆರಳು ವಿಭೂತಿ ಎಳೆಯಲೇಬೇಕು. ಈ ಭಕ್ತ ತಂದ ಸಿ.ಡಿ.ಗಳಿಗೆಲ್ಲ ಎಳೆದಿದ್ದ! ನನ್ನ ಸೆರಗಿನಿಂದಲೇ ಒರೆಸಿ ಹಾಕಿದ. ಕಂಪ್ಯೂಟರು ಎದ್ದು ಕೂತಿತು.

ಪುರಾಣವನ್ನು ಒಂದೊಂದು ಸಾಲಾಗಿ, ಪರದೆ ತುಂಬುವಂತೆ ತಾನೇ ಟೈಪು ಮಾಡಿದ. ಒಂದು ಮುಂಜಾನೆ ಪೂಜೆ ಮುಗಿಸಿ ಅತ್ತೆ ಅದರ ಮುಂದೆ ಕೂತರು. ಮೊದಲ ಸಾಲು ಓದಿದರು. ಮೈದುನ ಮುಂದಿನ ಸಾಲಿಗೆಂದು ಕೀಲಿ ಒತ್ತಿದ. ಪರದೆ ಅಲುಗಲಿಲ್ಲ, ಅದೇ ಸಾಲಿನಲ್ಲಿ ನಿಂತುಬಿಟ್ಟಿತ್ತು.

ಅತ್ತೆ ಮಾತ್ರ ನಿಲ್ಲಲಿಲ್ಲ. ಗಾಜಿನ ಮೇಲೆ ಬೆರಳು ಸರಿಸುತ್ತ ಎರಡನೆಯ ಸಾಲನ್ನು ಸ್ವಚ್ಛವಾಗಿ ಓದಿ, "ಮುಂದಿಂದು ಹಾಕಪಾ" ಎಂದರು.

ನಾನು ಬಾಯಿ ತೆರೆದೆ. ಮೈದುನ ನನ್ನತ್ತ ನೋಡಿ, ಬೇಡವೆಂದು ತಲೆಯಾಡಿಸಿದ.

"ಹಾಕಿದೆ, ಓದಬೇ" ಎಂದು ಅವ್ವನಿಗೆ ಕೇಳುವಂತೆ ಜೋರಾಗಿ ಕೀಲಿ ಒತ್ತಿದ.