ಅರುಣಾಳ ಮೂರು ಮಡಕೆ

ನಂಜಮ್ಮನಿಗೆ ಪಕ್ಕದ ಮನೆ ಅರುಣಾಳ ಚಿನ್ನದ ಮೇಲೆ ಕಣ್ಣಿರಲಿಲ್ಲ, ಸೀರೆಯ ಮೇಲೂ ಇರಲಿಲ್ಲ. ಅವಳ ಹೊಟ್ಟೆ ಉರಿಯುತ್ತಿದ್ದದ್ದು ಅರುಣಾಳ ಮನೆಯ ಕಸ ಕಂಡು. (ನಗಬೇಡಿ. ಆಲ್ದೂರಿನಲ್ಲಿ ಡೇರೆ, ಅದೇ ಡೇಲಿಯಾ ಹೂ, ಬೆಳೆಸಿದವರಿಗೆ ಈ ಸಂಕಟ ಗೊತ್ತು.)

ಮಹಿಳಾ ಸಮಾಜದವರು ಪ್ರತಿ ಮಳೆಗಾಲದಲ್ಲಿ ಮನೆಮನೆಗೂ ಬಂದು ಹೂತೋಟ ನೋಡಿ, ಅತ್ಯುತ್ತಮ ಡೇರೆಗೆ ಬಹುಮಾನ ಕೊಡುತ್ತಾರೆ. ಐದು ವರ್ಷದಿಂದ ಅದು ನಂಜಮ್ಮನ ಪಾಲು. ಹೀಗೆ ಅವಳು ಡೇರೆ ಸಾಮ್ರಾಜ್ಯವನ್ನು ಏಕಚ್ಛತ್ರದಡಿ ಆಳುತ್ತಿದ್ದಾಗ ಮೂಡಿಗೆರೆಯಿಂದ ವರ್ಗವಾಗಿ ಬಂದ ಬ್ಯಾಂಕಿನವರ ಹೆಂಡತಿ ಅರುಣಾ ಪಕ್ಕದ ಮನೆ ಸೇರಿದಳು. ಬರುವಾಗ ಮೂರು ಮಣ್ಣಿನ ಮಡಕೆ ತಂದಳು. ಒಂದರ ಮೇಲೊಂದು ಕೂರಿಸಿದ, ಮೈಗೆಲ್ಲ ತೂತು ಕೊರೆದ, ಹಸೆ ಚಿತ್ತಾರ ಬರೆದ ಮಡಕೆಗಳು. ಕಸ ಗೊಬ್ಬರವಾಗುವುದು ಅದರೊಳಗಂತೆ. ಹೇಗೆ ಎಂದು ಅರುಣಾ ಪ್ರೀತಿಯಿಂದ ವಿವರಿಸಿದಳು. ನಂಜಮ್ಮ ಅಷ್ಟು ಹೊತ್ತೂ ದಾಸವಾಳದ ಎಲೆ ಮಗುಚಿ ಇಲ್ಲದ ಹುಳು ಹುಡುಕುತ್ತಿದ್ದಳು.

ಆ ವರ್ಷ ಮಳೆ ಶುರುವಾಗುತ್ತಲೇ ಅರುಣಾಳ ಮೊದಲ ಡೇರೆ ಊಟದ ತಟ್ಟೆಯಷ್ಟು ಅಗಲ ಅರಳಿತು. ನಂಜಮ್ಮನದು ತಿಂಡಿ ತಟ್ಟೆ ದಾಟಲಿಲ್ಲ.

ಮರುದಿನವೇ ಗಂಡ ರೇಣುಕಪ್ರಸಾದರನ್ನು ಎಳೆದುಕೊಂಡು ಅವಳು ಚಿಕ್ಕಮಗಳೂರಿಗೆ ಹೊರಟಳು. ಕಾಫಿಯ ಹೊಟ್ಟು ಬಿಡಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮೂವತ್ತು ವರ್ಷ ಬೀಜ ನೋಡಿ ನಿವೃತ್ತರಾದ, ವಿಭೂತಿ ಹಚ್ಚದೆ ಕಾಫಿ ಲೋಟ ಮುಟ್ಟದ ಸಾತ್ವಿಕರು ಅವರು. ಕಸದಿಂದ ಗೊಬ್ಬರ ಮಾಡುವ ಸಾಮಾನಿನ ಅಂಗಡಿಯಲ್ಲಿ ನಲ್ಲಿ ಇರುವ ಬಕೆಟ್ಟು, ಬಲೆಯ ಚೀಲ, ಮಡಕೆ, ಎಲ್ಲ ಇತ್ತು. ನಂಜಮ್ಮ ಆರಿಸಿದ್ದು ಸ್ಟ್ಯಾಂಡಿನ ಮೇಲೆ ಕೂತು ಹಿಡಿ ತಿರುಗಿಸಿದರೆ ಉರುಳುವ ಹಸಿರು ಡ್ರಮ್ಮು. ಹಸಿ ಕಸ ಒಂದು ಪಾಲಾದರೆ ಒಣ ಎಲೆ ಎರಡು ಪಾಲು ಹಾಕಬೇಕು, ಎರಡು ಮೂರು ತಿಂಗಳು ಕಾಯಬೇಕು ಎಂದು ಅಂಗಡಿಯವನು ಹೇಳುತ್ತಲೇ ಇದ್ದ. ಅವಳು ಕೇಳಿದ್ದು ಒಂದೇ ಪ್ರಶ್ನೆ, ಇದಕ್ಕಿಂತ ದೊಡ್ಡದು ಇದೆಯಾ ಅಂತ.

"ಇಬ್ಬರೇ ಇರೋ ಮನೇಲಿ ಇಷ್ಟು ಕಸ ಎಲ್ಲಿಂದ ಬರ್ತದೆ ಮಾರಾಯ್ತಿ?" ಎಂದರು ರೇಣುಕಪ್ರಸಾದರು.

"ಮಾಡಿದ್ರೆ ಬರ್ತದೆ," ಎಂದಳು ನಂಜಮ್ಮ.

ಮಾಡಿಯೇ ಮಾಡಿದಳು. ಸಿಪ್ಪೆ ಬೇಕೆಂದು ದಿನಕ್ಕೊಂದು ಕುಂಬಳಕಾಯಿ ಹೆಚ್ಚಿದಳು. ತಿರುಳಿನ ವಿಲೇವಾರಿ ರೇಣುಕಪ್ರಸಾದರ ಹೊಟ್ಟೆಯ ಜವಾಬ್ದಾರಿ. ಬೆಳಿಗ್ಗೆ ಕುಂಬಳಕಾಯಿ ದೋಸೆ, ಮಧ್ಯಾಹ್ನ ಹುಳಿ, ಸಂಜೆ ಡ್ರಮ್ಮಿಗೆ ಹತ್ತು ಸುತ್ತು. ಒಣ ಎಲೆ ಹಾಕದ ಆ ಡ್ರಮ್ಮಿನೊಳಗೆ ಗೊಬ್ಬರವಾಗಲಿಲ್ಲ, ಕೊಚ್ಚೆಯಾಯಿತು. ಅದರ ಸುವಾಸನೆಗೆ ಪೋಸ್ಟ್‌ಮ್ಯಾನ್ ಗೇಟಿನಿಂದಲೇ ಕಾಗದ ಎಸೆದು ಹೋಗತೊಡಗಿದ.

ಸಮಾಜದವರು ಬರಲು ಎರಡು ವಾರ ಉಳಿದಿದೆ ಎನ್ನುವಾಗ ಅರುಣಾ ತವರಿಗೆ ಹೊರಟಳು. ನಾಲ್ಕು ದಿನ ಗಿಡಗಳನ್ನು ಸ್ವಲ್ಪ ನೋಡಿಕೊಳ್ಳಿ ಅಕ್ಕ ಎಂದು ಹೇಳಿ ಹೋದಳು. ನಂಜಮ್ಮ ನೋಡಿಕೊಂಡಳು. ಕದ್ದು ತಂದ ಗಿಡ ಚೆನ್ನಾಗಿ ಹತ್ತುತ್ತದೆ ಎನ್ನುವುದು ಮಲೆನಾಡಿನ ಹೆಂಗಸರ ಧರ್ಮಶಾಸ್ತ್ರ. ಯಾರ ಮನೆಗೆ ಹೋದರೂ ಒಂದು ಟೊಂಗೆ ಚಿವುಟಿ ಸೆರಗಿನಲ್ಲಿ ಇಟ್ಟುಕೊಳ್ಳದವಳು ಈ ಊರಲ್ಲಿ ಇಲ್ಲ. ಗಿಡ ಕದಿಯುವುದೇ ಪಾಪವಲ್ಲ ಎಂದಮೇಲೆ ಗಿಡದ ಊಟ ಕದ್ದರೆ ಏನು ತಪ್ಪು ಎಂದು ಅವಳು ತನಗೆ ತಾನೇ ತೀರ್ಪು ಕೊಟ್ಟುಕೊಂಡಳು. ಮಟಮಟ ಮಧ್ಯಾಹ್ನ ಮೇಲಿನ ಮಡಕೆಯ ಮುಚ್ಚಳ ತೆಗೆದಳು. ಒಳಗೆ ಕಪ್ಪಗೆ, ಉದುರುದುರಾಗಿ ಏನೋ ಇತ್ತು. ಅದು ಕಸದ ಮೇಲೆ ಉದುರಿಸಿದ ಕಾಫಿ ಹೊಟ್ಟು ಎಂದು ಕ್ಯೂರಿಂಗ್ ವರ್ಕ್ಸ್‌ನವರ ಹೆಂಡತಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಒಂದು ಬಕೆಟ್ ಬಾಚಿ ತಂದು ತನ್ನ ಹನ್ನೆರಡು ಕುಂಡಗಳಿಗೆ ಹಂಚಿದಳು. ನಡುವೆ ಬಿಳಿ ಚೂರುಗಳು ಕಂಡವು. ಅರುಣಾ ಸುಣ್ಣವನ್ನೂ ಹಾಕುತ್ತಾಳೆ, ಗುಟ್ಟು ಈಗ ಸಿಕ್ಕಿತು ಎಂದು ಹಿಗ್ಗಿದಳು.

ತೀರ್ಪುಗಾರರು ಬಂದರು. ಮುಂದೆ ಸಮಾಜದ ಅಧ್ಯಕ್ಷೆ, ನಿವೃತ್ತ ಹೆಡ್‌ಮಿಸ್ ರುಕ್ಮಿಣಮ್ಮ. ಹಿಂದೆ ನಾಲ್ವರು ಸದಸ್ಯೆಯರು, ಆಗಲೇ ತನ್ನ ತೋಟ ತೋರಿಸಿ ಮುಗಿಸಿ ಅವರ ಜೊತೆ ಬಂದ ಅರುಣಾ. ಅಷ್ಟರಲ್ಲಿ ಮಳೆ ಹೊಟ್ಟನ್ನೆಲ್ಲ ತೊಳೆದು ಹಾಕಿತ್ತು. ಹಸಿ ಗೊಬ್ಬರದ ಕಾವಿಗೆ ಡೇರೆ ಎಲೆ ಹಳದಿ ತಿರುಗಿತ್ತು. ರುಕ್ಮಿಣಮ್ಮ ಬಗ್ಗಿ, ಕುಂಡದಿಂದ ಒಂದು ಬಿಳಿ ಚೂರನ್ನು ಎತ್ತಿ, ಕನ್ನಡಕ ಸರಿಮಾಡಿಕೊಂಡರು.

"ನಂಜಮ್ಮ, ಇದು ಮೊಟ್ಟೆ ಸಿಪ್ಪೆ ಅಲ್ವಾ?"

ಮೊಟ್ಟೆಯ ಅಂಗಡಿ ಮುಂದೆ ಹಾದುಹೋಗುವಾಗ ಮೂಗಿಗೆ ಸೆರಗು ಹಿಡಿಯುವ ನಂಜಮ್ಮ, ಮೊಟ್ಟೆ ಸಿಪ್ಪೆಯನ್ನು ಹತ್ತಿರದಿಂದ ನೋಡಿದ್ದು ಜನ್ಮದಲ್ಲಿ ಅದೇ ಮೊದಲು. ಸಿಪ್ಪೆ ನಮ್ಮನೆಯದಲ್ಲ ಎಂದರೆ ಕಳ್ಳಿ. ನಮ್ಮನೆಯದೇ ಎಂದರೆ ಮಠದ ಸ್ವಾಮಿಗಳು ಪಾದಪೂಜೆಗೆ ಬರುವ ಮನೆಯಲ್ಲಿ ಮೊಟ್ಟೆ. ಆಗಲೇ ರೇಣುಕಪ್ರಸಾದರು ಹಣೆ ತುಂಬ ವಿಭೂತಿ ಧರಿಸಿ ಕಾಫಿ ತಟ್ಟೆ ಹಿಡಿದು ಹೊರಗೆ ಬಂದರು. ಅರುಣಾಳೆದುರು ಕಳ್ಳಿಯಾಗುವುದಕ್ಕಿಂತ ಗಂಡನನ್ನು ಬಲಿಕೊಡುವುದು ಸುಲಭವೆನಿಸಿತು.

"ಇವ್ರಿಗೆ ಡಾಕ್ಟ್ರು ಹೇಳಿದಾರೆ," ಎಂದಳು ನಂಜಮ್ಮ. "ದಿನಾ ಎರಡು."

ರುಕ್ಮಿಣಮ್ಮ ವಿಭೂತಿಯನ್ನೊಮ್ಮೆ, ಸಿಪ್ಪೆಯನ್ನೊಮ್ಮೆ ನೋಡಿದರು. ಮೂವತ್ತೈದು ವರ್ಷ ಸಂಸಾರ ಮಾಡಿ ಪಳಗಿದ ರೇಣುಕಪ್ರಸಾದರು ಹೆಂಡತಿಯ ಮುಖ ನೋಡಿ, "ಹೌದು, ಸ್ವಲ್ಪ ನಿಶ್ಶಕ್ತಿ," ಎಂದರು.

ಬಹುಮಾನ ಅರುಣಾಳಿಗೆ ಹೋಯಿತು. ಸಂಜೆಯೊಳಗೆ ಸುದ್ದಿ ಬಸ್ ಸ್ಟ್ಯಾಂಡ್ ತಲುಪಿ, ಅಲ್ಲಿಂದ ಮಠವಿರುವ ಬಾಳೆಹೊನ್ನೂರಿನ ಬಸ್ ಹತ್ತಿತು.

ಮರುದಿನ ಬೆಳಿಗ್ಗೆ ಅರುಣಾ ಬಂದಳು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮುಚ್ಚಿದ ಡಬ್ಬಿ. ಮೊದಲು ಚೀಲ ಕೊಟ್ಟಳು. "ಅಕ್ಕ, ಮೇಲಿನ ಮಡಕೆದು ಇನ್ನೂ ಹಸಿ ಇರ್ತದೆ. ತಗೊಳ್ಳೋದಾದ್ರೆ ಕೆಳಗಿನ ಮಡಕೆಯಿಂದ ತಗೊಳ್ಳಿ. ಜರಡಿ ಹಿಡಿದು ತಂದಿದೀನಿ."

ನಂಜಮ್ಮನಿಗೆ ಭೂಮಿ ಬಾಯಿ ತೆರೆಯಬಾರದೇ ಎನಿಸಿತು. ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು. ಗೊಬ್ಬರ ಅವಳದೇ ಚೆನ್ನ, ಹೂವು ಅವಳದೇ ಚೆನ್ನ, ಈಗ ಕದಿಯುವುದನ್ನೂ ಅವಳೇ ಹೇಳಿಕೊಡಬೇಕೆ?

ಅರುಣಾ ಡಬ್ಬಿಯನ್ನೂ ಕೈಗಿಟ್ಟಳು. ಮುಖದಲ್ಲಿ ನಗುವಿನ ಎಳೆಯೂ ಇರಲಿಲ್ಲ. "ಇದು ಅಣ್ಣಂಗೆ. ಎರಡು ಬೇಯಿಸಿದೀನಿ. ಸಮಾಜದವ್ರೆಲ್ಲ ವಿಚಾರಿಸ್ತಿದ್ರು, ಆರೋಗ್ಯ ಹೇಗಿದೆ ಅಂತ."

ಬೇಡ ಎನ್ನುವಂತಿಲ್ಲ. ಎಂದರೆ ನಿನ್ನೆಯ ಮಾತು ಸುಳ್ಳಾಗುತ್ತದೆ. ನಂಜಮ್ಮ ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದು ಒಳಗೆ ತಂದಳು. ಹಿತ್ತಲಿಗೆ ಎಸೆಯಬೇಕು ಎನ್ನುವಷ್ಟರಲ್ಲಿ ರೇಣುಕಪ್ರಸಾದರು ಕೈಯೊಡ್ಡಿ ಡಬ್ಬಿ ತೆಗೆದುಕೊಂಡರು. ಮುಚ್ಚಳ ತೆರೆದು ಬಹಳ ಹೊತ್ತು ನೋಡಿದರು.

"ಹೆಸರಂತೂ ಕೆಟ್ಟಾಯ್ತು. ಎರಡು ತಿಂಗಳಿಂದ ಬರೀ ಕುಂಬಳಕಾಯಿ ತಿಂದಿದೀನಿ," ಎಂದು ಅವರು ನಿಧಾನವಾಗಿ ಕುರ್ಚಿ ಎಳೆದುಕೊಂಡು ಕೂತರು. "ಕಾಳುಮೆಣಸಿನ ಪುಡಿ ಎಲ್ಲಿಟ್ಟಿದೀಯ?"