ಗಾಜಿನ ಹಿಂದಿನ ನಿದ್ದೆ

ಅವನು ಆಕಳಿಸಿದ್ದು ಒಂದೇ ಒಂದು ಸಲ. ಆದರೆ ಆಕಳಿಸಿದ ಜಾಗ ಹಾಸಿಗೆ ಅಂಗಡಿ, ಆಕಳಿಸಿದ್ದು ಗಿರಾಕಿಗಳ ಮುಖದೆದುರು.

ಆ ಗಂಡ ಹೆಂಡತಿ ಅರ್ಧ ಗಂಟೆಯಿಂದ ಅಂಗಡಿಯ ಅತಿ ದುಬಾರಿ ಹಾಸಿಗೆಯನ್ನು ಒತ್ತಿ, ತಟ್ಟಿ, ಕೂತು, ಎದ್ದು ನೋಡಿ ಇನ್ನೇನು ಒಪ್ಪಿಕೊಳ್ಳುವುದರಲ್ಲಿದ್ದರು. "ಇದರ ಮೇಲೆ ಮಲಗಿದ್ರೆ ಬೆಳಗಿನ ತನಕ ಒಂದೇ ನಿದ್ದೆ ಮೇಡಂ" ಎನ್ನುತ್ತಿದ್ದಂತೆಯೇ ಅವನ ಬಾಯಿ ತಾನಾಗಿ ತೆರೆದು, ಕಣ್ಣಲ್ಲಿ ನೀರು ತರಿಸಿ, ನಿಧಾನವಾಗಿ ಮುಚ್ಚಿಕೊಂಡಿತು.

"ನೀವು ಮನೇಲಿ ಯಾವ ಹಾಸಿಗೆ ಮೇಲೆ ಮಲಗ್ತೀರಿ?" ಎಂದು ಆಕೆ ಕೇಳಿದರು.

ಸುಳ್ಳು ಹೇಳಲು ಬಾರದವರು ವ್ಯಾಪಾರಕ್ಕೆ ಯಾಕಾದರೂ ಬರುತ್ತಾರೋ! "ಇದರ ಮೇಲೇ, ಕಂತಿನಲ್ಲಿ ತಗೊಂಡೆ" ಎಂದುಬಿಟ್ಟ.

ಅವರಿಬ್ಬರೂ ಅವನ ಕೆಂಪು ಕಣ್ಣುಗಳನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿಕೊಂಡರು, ಕೈಚೀಲ ಎತ್ತಿಕೊಂಡು ಹೊರಟೇಹೋದರು.

ಪಾಪ, ಹಾಸಿಗೆಯದೇನೂ ತಪ್ಪಿರಲಿಲ್ಲ. ಇವನ ನಿದ್ದೆಯೇ ಅಂಥದ್ದು. ಕಣ್ಣು ಮುಚ್ಚಿದರೆ ಕನಸು, ಕನಸು ಮುಗಿಯುವ ಮೊದಲೇ ಎಚ್ಚರ. ರಾತ್ರಿಗೆ ಎಂಟು ಸಲ ಏಳುವುದು, ಎದ್ದಾಗಲೆಲ್ಲ ಹೆಂಡತಿಯನ್ನೂ ಎಬ್ಬಿಸಿ ಕಂಡ ಕನಸನ್ನು ಚಾಚೂ ತಪ್ಪದೆ ಒಪ್ಪಿಸುವುದು. ಭಾವಮೈದ ತಮಾಷೆಗೆ ಇಟ್ಟ 'ಎಚ್ಚರಪ್ಪ' ಎಂಬ ಹೆಸರು ಬೀದಿಗೆಲ್ಲ ಹಬ್ಬಿತ್ತು. ಹಗಲು ತೂಕಡಿಸಿ ಈ ವರ್ಷ ಆಗಲೇ ಎರಡು ಕೆಲಸ ಕಳೆದುಕೊಂಡಿದ್ದ. "ಇದೂ ಹೋದ್ರೆ ನಾನು ತಮ್ಮನ ಮನೆಗೆ ಹೊರಟೆ. ಅಲ್ಲಾದ್ರೂ ಕಣ್ತುಂಬ ನಿದ್ದೆ ಮಾಡ್ತೀನಿ" ಎಂದು ಹೆಂಡತಿ ಆ ದಿನ ಬೆಳಗ್ಗೆಯಷ್ಟೇ ಹೇಳಿದ್ದಳು. ಹೇಳಿದ್ದನ್ನು ಮಾಡುವ ಹೆಂಗಸು ಅವಳು.

ಯಜಮಾನರು ಗಲ್ಲಾ ಬಿಟ್ಟು ಎದ್ದು ಬಂದರು. "ನನ್ನ ಹಾಸಿಗೆ ಮೇಲೆ ನಿದ್ದೆ ಬರಲ್ಲ ಅಂತ ಗಿರಾಕಿ ಹತ್ರಾನೇ ಸಾರಿದೆಯಲ್ಲೋ ಎಚ್ಚರಪ್ಪ! ಈಗ ನೀನೇ ಸರಿಮಾಡು. ಆ ಗಾಜಿನ ಹಿಂದೆ ಇದನ್ನೇ ಹಾಕಿಸ್ತೀನಿ. ಮೂರು ಗಂಟೆ ತನಕ ಹಾಯಾಗಿ ನಿದ್ದೆ ಮಾಡು, ಬೀದಿಯೋರೆಲ್ಲ ನೋಡ್ಲಿ. ನಿದ್ದೆ ಬಂತೋ, ಕೆಲಸ ಉಳೀತು. ಬರಲಿಲ್ವೋ, ನಾಳೆಯಿಂದ ಮನೇಲೇ ಇರು."

"ಸಾರ್, ಅಷ್ಟು ಜನದ ಮುಂದೆ..."

"ಮಲಕ್ಕೊಳ್ಳೋ!"

ಮಲಗಿದ. ತಲೆಯ ಹತ್ತಿರ 'ನಮ್ಮ ಹಾಸಿಗೆಯ ಸುಖ ನೋಡಿ' ಎಂಬ ಹಲಗೆ ನಿಂತಿತು. ಗಾಜಿನಾಚೆ ಪಕ್ಕದಂಗಡಿಯ ದರ್ಜಿ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದು ನಿಂತ. ಅವನ ಹಿಂದೆ, ದಿನಾ ಅವನಂಗಡಿಯಲ್ಲಿ ಪತ್ರಿಕೆ ಓದಲು ಬರುವ ನಿವೃತ್ತ ಮೇಷ್ಟ್ರು. ಅವರ ಹಿಂದೆ, ಕೆಲಸವಿಲ್ಲದ ಅರ್ಧ ಬೀದಿ.

ಬಾ ನಿದ್ದೆಯೇ ಬಾ ಎಂದು ಅಂಗಲಾಚುತ್ತಾ ಅವನು ಮಗ್ಗುಲು ಬದಲಿಸಿದ. ಕೊನೆಗೂ ರೆಪ್ಪೆ ಭಾರವಾಯಿತು. ಹಾಸಿಗೆ ಬಸ್ಸಾಗಿ ರಸ್ತೆಗಿಳಿಯಿತು. ಯಜಮಾನರು ಕಂಡಕ್ಟರ್ ಆಗಿ ಟಿಕೆಟ್ ಕೇಳುತ್ತಿದ್ದಾರೆ, ಇವನ ಪೈಜಾಮಕ್ಕೆ ಜೇಬೇ ಇಲ್ಲ!

"ಕಣ್ಣುಗುಡ್ಡೆ ಓಡಾಡ್ತಿದೆ ಮೇಷ್ಟ್ರೇ. ನಾಟಕ ಆಡ್ತಿದಾನೆ" ಎಂದ ದರ್ಜಿ.

"ಅದು ಕನಸು ಬಿದ್ದಿರೋ ಲಕ್ಷಣ ಕಣಯ್ಯ."

"ಬೇಕಾದ್ರೆ ಅವನನ್ನೇ ಕೇಳೋಣ" ಎಂದ ದರ್ಜಿ ಗಾಜನ್ನು ಟಕಟಕ ಬಡಿದ. "ಎಚ್ಚರಪ್ಪಾ, ನಿದ್ದೆ ಬಂತಾ?"

"ತಗೊಂಡಿದೀನಿ ಸಾರ್, ಟಿಕೆಟ್ ತಗೊಂಡಿದೀನಿ!" ಎಂದು ಎಚ್ಚರಪ್ಪ ಎದ್ದು ಕೂತ. ಬೀದಿ ಘೊಳ್ಳೆಂದು ನಕ್ಕಿತು. ಒಳಗಿನಿಂದ ಯಜಮಾನರು ಹಲ್ಲು ಕಡಿದದ್ದು ಗಾಜಿಗೂ ಕೇಳಿಸಿರಬೇಕು.

ಮತ್ತೆ ಮಲಗಿದ. ಐದು ನಿಮಿಷಕ್ಕೊಂದು ಕನಸು, ಆರನೇ ನಿಮಿಷಕ್ಕೆ ದರ್ಜಿ. ಅವನಿಗೆ ದಾರದ ಉಂಡೆ ತರಲು ಹೋಗುವಾಗಲೂ ಗಾಜು ಬಡಿದು ನೋಡಬೇಕು, ಬರುವಾಗಲೂ ಬಡಿದು ನೋಡಬೇಕು. ಕೊನೆಗೊಂದು ಕನಸಿನಲ್ಲಿ ಹಾಸಿಗೆಯ ಹೊಲಿಗೆ ಬಿಚ್ಚಿಕೊಂಡು ಬೆಳಗಿನ ಗಿರಾಕಿಗಳು ಒಬ್ಬರ ಹಿಂದೊಬ್ಬರು ಹೊರಬಂದು ಇವನ ಮೈಮೇಲೆಲ್ಲ ಹತ್ತತೊಡಗಿದರು. ಎಚ್ಚರಪ್ಪ ಕಿರುಚಿಕೊಂಡು ಎದ್ದ. ಎದ್ದವನು ಬೆನ್ನು, ತೋಳು, ಹೊಟ್ಟೆ ಒಂದೂ ಬಿಡದೆ ಪರಪರ ಕೆರೆದುಕೊಂಡ.

"ಅಯ್ಯೋ, ಹಾಸಿಗೆ ತುಂಬ ತಿಗಣೆ!" ಎಂದು ದರ್ಜಿ ಕೂಗಿದ.

ಆ ಮಾತು ಗುಂಪಿನ ಹಿಂದಿನ ಸಾಲು ಮುಟ್ಟುವ ಮೊದಲೇ ಒಳಗಿದ್ದ ಮೂವರು ಗಿರಾಕಿಗಳು ಬಟ್ಟೆ ಕೊಡವಿಕೊಂಡು ಬೀದಿಗೆ ಬಿದ್ದರು. ಅವರ ಹಿಂದೆಯೇ ಎಚ್ಚರಪ್ಪನ ಚಪ್ಪಲಿ ಬಂತು. ಅದರ ಹಿಂದೆ ಎಚ್ಚರಪ್ಪ ಬಂದ. ಗಂಟೆ ಇನ್ನೂ ಎರಡಾಗಿರಲಿಲ್ಲ.

ಹೆಂಡತಿಗೆ ಯಾವ ಮುಖ ಹೊತ್ತು ಹೇಳುವುದೆಂದು ಅವನು ತಲೆಯ ಮೇಲೆ ಕೈಹೊತ್ತು ನಿಂತಿರುವಾಗ ಎದುರು ಸಾಲಿನ ಗಡಿಯಾರದಂಗಡಿಯವರು ಓಡೋಡಿ ಬಂದರು. "ಬೆಳಗಿಂದ ನೋಡ್ತಿದೀನಿ, ನಂಗೆ ಬೇಕಾದ ಮನುಷ್ಯ ನೀವೇ! ಹೊಸ ಅಲಾರಾಂ ಗಡಿಯಾರ ಬಂದಿದೆ. ನನ್ನಂಗಡಿ ಬೆಂಚಿನ ಮೇಲೆ ಸುಮ್ನೆ ಮಲಗಿ. ನಾಲ್ಕಕ್ಕೆ ಅಲಾರಾಂ ಹೊಡೀತಿದ್ದಂಗೆ ಧಡಕ್ಕನೆ ಎದ್ದು ಕೂತ್ರೆ ಸಾಕು. ಕೆಲಸ ಕಾಯಂ."

"ನಿದ್ದೆ ಮಾಡಲೇಬೇಕಾ?" ಎಂದು ಎಚ್ಚರಪ್ಪ ಅಳುಕುತ್ತಾ ಕೇಳಿದ.

"ಯಾರಿಗೆ ಬೇಕು ನಿಮ್ಮ ನಿದ್ದೆ? ಎದ್ದೇಳಿ, ಅಷ್ಟೇ!"

ಎಚ್ಚರಪ್ಪನ ಕಣ್ಣು ಒದ್ದೆಯಾಯಿತು. ಏಳುವುದು! ಅವನಿಗೆ ಬರುತ್ತಿದ್ದ ಏಕೈಕ ವಿದ್ಯೆ ಅದು. ಒಂದು ಕಾಲು ಕುಂಟುವ, ಹಲಗೆ ನಡುವೆ ಸಂದಿಯಿರುವ ಆ ಹಳೇ ಬೆಂಚಿನ ಮೇಲೆ ಅವನು ನಿಶ್ಚಿಂತೆಯಿಂದ ಕಾಲು ಚಾಚಿದ. ಸುತ್ತ ನಲವತ್ತು ಗಡಿಯಾರಗಳು ಟಿಕ್‌ಟಿಕ್ ಎನ್ನುತ್ತಿದ್ದವು.

ನಾಲ್ಕು ಹೊಡೆಯಿತು. ಅಲಾರಾಂ ಕೂಗಿತು. ಎಚ್ಚರಪ್ಪ ಅಲ್ಲಾಡಲಿಲ್ಲ. ಅಂಗಡಿಯವರು ಇನ್ನೊಂದು ತಿರುಗಿಸಿದರು, ಮತ್ತೊಂದು ತಿರುಗಿಸಿದರು, ಕೊನೆಗೆ ನಲವತ್ತನ್ನೂ ಒಟ್ಟಿಗೆ ಬಾರಿಸಿದರು. ಬೀದಿಯ ನಾಯಿಗಳು ಎದ್ದವು, ಮೇಲ್ಮನೆಯ ಕೂಸು ಎದ್ದಿತು, ಎಚ್ಚರಪ್ಪ ಮಾತ್ರ ಗೊರಕೆಯ ಶ್ರುತಿ ಏರಿಸಿದ. ಅವಳಾದರೂ ಎಬ್ಬಿಸಲಿ ಎಂದು ದರ್ಜಿ ಫೋನು ಮಾಡಿ ಅವನ ಹೆಂಡತಿಯನ್ನೂ ಕರೆಸಿದ.

ಅವನಿಗೆ ಎಚ್ಚರವಾದದ್ದು ಐದೂವರೆಗೆ, ಧೊಪ್ಪನೆ ನೆಲಕ್ಕೆ ಬಿದ್ದಾಗ. ಕಣ್ಣು ತೆರೆದರೆ ಬೆಳಗಿನ ಆ ಗಂಡ ಹೆಂಡತಿ ಬೆಂಚಿನ ಎರಡು ತುದಿ ಹಿಡಿದು ಮೆಟ್ಟಿಲಿಳಿಯುತ್ತಿದ್ದರು.

"ಹುಷಾರು ರೀ, ಕಾಲು ಮುರಿದೀತು. ಇಂಥಾ ನಿದ್ದೆ ಕೊಡೋ ಬೆಂಚು ಮತ್ತೆ ಸಿಗಲ್ಲ" ಎನ್ನುತ್ತಿದ್ದರು ಆಕೆ.

"ಬೆಂಚು ಮಾರಿಹೋಯ್ತು, ಒಂದೇ ಒಂದು ಗಡಿಯಾರ ಹೋಗಲಿಲ್ಲ" ಎಂದರು ಅಂಗಡಿಯವರು. "ನಾಳೆಯಿಂದ ಬರೋದು ಬೇಡ ಕಣ್ರೀ."

ಎಚ್ಚರಪ್ಪ ದರ್ಜಿಯ ಕಡೆ ತಿರುಗಿದ. "ನಮ್ಮನೆಯೋಳು ಬಂದಿದ್ಲಾ?"

"ಬಂದಿದ್ರು. ಬಹಳ ಹೊತ್ತು ನಿಂತು ನೋಡಿದ್ರು. 'ಹಾಗಾದ್ರೆ ಇವರಿಗೆ ನಿದ್ದೆ ಬರದೇ ಇರೋದು ನನ್ನ ಪಕ್ಕದಲ್ಲಿ ಮಾತ್ರ' ಅಂದ್ಕೊಂಡು ತಮ್ಮನ ಮನೆಗೆ ಹೋದ್ರು."

ಎಚ್ಚರಪ್ಪ ಒಂದು ಗಳಿಗೆ ಯೋಚಿಸಿದ. ಒಂದೇ ದಿನದಲ್ಲಿ ಎರಡು ಕೆಲಸ, ಹೆಂಡತಿ, ಕೊನೆಗೆ ಮಲಗಿದ್ದ ಬೆಂಚೂ ಹೋಗುವುದೆಂದರೇನು! ಇದು ಕನಸೇ ಇರಬೇಕು. ಸಮಾಧಾನದಿಂದ ನೆಲದ ಮೇಲೇ ಮಗ್ಗುಲಾಗಿ ಮತ್ತೆ ಕಣ್ಣು ಮುಚ್ಚಿದ.

ನಿದ್ದೆ ಬರಲಿಲ್ಲ.