ದಾರ ಕಾಣದ ಆಕಾಶದ ಹಡಗು

ಇಂಗ್ಲಿಷ್ ಸಿನಿಮಾದವರು ಹಳೆಯ ಚಿತ್ರಗಳನ್ನೇ ಮತ್ತೆ ಮತ್ತೆ ತೆಗೆಯುವುದಾದರೆ ತೆಗೆಯಲಿ, ನನ್ನದೇನೂ ಅಭ್ಯಂತರವಿಲ್ಲ. ಆದರೆ ಶುರು ಮಾಡುವ ಮುಂಚೆ ಒಮ್ಮೆ ಚನ್ನಪಟ್ಟಣಕ್ಕೆ ಬಂದು ನಮ್ಮ ಸೋದರಮಾವನನ್ನು ಒಂದು ಮಾತು ಕೇಳಬೇಕಿತ್ತು! ಯಾಕೆಂದರೆ ಆ ಚಿತ್ರಗಳ ನಿಜವಾದ ಕತೆ ಗೊತ್ತಿದ್ದದ್ದು ಪ್ರಪಂಚದಲ್ಲಿ ಅವನೊಬ್ಬನಿಗೇ. ಅವನ್ನು ತೆಗೆದವರಿಗೂ ಗೊತ್ತಿರಲಿಲ್ಲ.

ಮಾವ ಬೊಂಬೆ ಕಡೆಯುವವನು. ಲೇತಿನ ಮುಂದೆ ಕೂತು ಮರದ ತುಂಡಿಗೆ ಅರಗಿನ ಬಣ್ಣ ಹಿಡಿಸಿ ತಾಳೆಗರಿಯಲ್ಲಿ ಉಜ್ಜಿದನೆಂದರೆ ಅದರಲ್ಲಿ ನಾವು ಮುಖ ನೋಡಿಕೊಳ್ಳಬಹುದಿತ್ತು. ಇಂಗ್ಲಿಷಿಗೂ ಅವನಿಗೂ ಮಾತ್ರ ಎಂಟನೇ ಕ್ಲಾಸಿನಲ್ಲೇ ಜಗಳವಾಗಿ ಮಾತು ನಿಂತಿತ್ತು. ಆದರೇನಂತೆ? ಅವನ ಪ್ರಾಯದ ಕಾಲದಲ್ಲಿ ವಿರೂಪಾಕ್ಷಿಪುರದ ಹತ್ತಿರ ಟೂರಿಂಗ್ ಟಾಕೀಸಿನ ಟೆಂಟು ಬೀಳುತ್ತಿತ್ತು. ಕನ್ನಡ ಚಿತ್ರದ ಪೆಟ್ಟಿಗೆ ಬರುವುದು ತಡವಾದರೆ ಟೆಂಟಿನ ಯಜಮಾನ ಯಾವುದೋ ಓಬೀರಾಯನ ಕಾಲದ ಇಂಗ್ಲಿಷ್ ಚಿತ್ರ ಹಾಕಿಬಿಡುತ್ತಿದ್ದ. ಮರಳಿನ ಮೇಲೆ ಕೂತ ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಆಗ ಮಾವ ಎದ್ದು ನಿಂತು ಕತೆ ಹೇಳುತ್ತಿದ್ದ. ಪರದೆಯ ಮೇಲೆ ಬಾಯಿ ಆಡಿಸುವವರು ಯಾರೋ, ಮಾತೆಲ್ಲ ಮಾವನದು! ಯಜಮಾನ ಅವನಿಗೆ ಟಿಕೆಟ್ ಕೇಳುವುದನ್ನೇ ಬಿಟ್ಟಿದ್ದನಂತೆ.

ಅವನಿಗೆ ಹೋಬಳಿಯಲ್ಲೆಲ್ಲ ಹೆಸರು ತಂದದ್ದು ಆಕಾಶದಿಂದ ಒಬ್ಬ ಇಳಿದು ಬರುವ ಚಿತ್ರ. ಎರಡು ಬೋಸಿಗಳನ್ನು ಬಾಯಿಗೆ ಬಾಯಿ ಇಟ್ಟು ಅಂಟಿಸಿದಂಥ ಹಡಗು ಬಯಲಲ್ಲಿ ಇಳಿಯುತ್ತದೆ. ಕಿವಿಯೇ ಇಲ್ಲದ ಆಸಾಮಿಯೊಬ್ಬ ಹೊರಗೆ ಬರುತ್ತಾನೆ. ಬಿಳಿ ಕೋಟಿನ ವಿಜ್ಞಾನಿ ಹುಡುಗಿಯೊಬ್ಬಳು ಅವನನ್ನು ಪೊಲೀಸರ ಕಣ್ಣು ತಪ್ಪಿಸಿ ಬಚ್ಚಿಡುತ್ತಾಳೆ. ಕೊನೆಗೆ ಅವನು ಅವಳ ಕೈಗೊಂದು ಡಬ್ಬಿ ಕೊಟ್ಟು ಹೊರಟುಹೋಗುತ್ತಾನೆ. ಇದು ಪ್ರೇಮಕತೆಯೆಂದು ನಿಮಗೂ ನನಗೂ ಹೊಳೆಯುತ್ತದೆ. ಮಾವ ಟೆಂಟಿಗೆಲ್ಲ ಕೇಳುವಂತೆ ಸಾರಿದ್ದೇ ಬೇರೆ!

“ಆ ಹೆಣ್ಮಗ್ಳು ಇವ್ನ ತಂಗಿ ಕಣ್ರಪ್ಪೋ! ಚಿಕ್ಕೋಳಿದ್ದಾಗ ಭೂಮಿಗೆ ಬಿದ್ಬುಟ್ಟಿದ್ಲು. ಗೌರಿ ಹಬ್ಬ ಬಂತು, ತವ್ರಿಂದ ಯಾರೂ ಬರ್ನಿಲ್ವಲ್ಲ ಅಂತ ಕಾಯ್ತಾವ್ಳೆ. ಅದ್ಕೇ ಅಣ್ಣ ಹುಡೀಕ್ಕೊಂಡು ಬಂದವ್ನೆ!”

ಡಬ್ಬಿ? ಅದು ತವರಿನ ಬಾಗಿನ! ಕಿವಿ ಯಾಕಿಲ್ಲ? “ಅವ್ನಿಗೆ ಸೋದರಮಾವ ಇರ್ನಿಲ್ಲ. ತೊಡೆ ಮೇಲೆ ಕೂರಿಸ್ಕೊಂಡು ಕಿವಿ ಚುಚ್ಚಿಸೋರು ಯಾರು? ದೇವ್ರು ಕಿವಿನೇ ಕೊಡ್ನಿಲ್ಲ.” ಹಡಗನ್ನು ಮೇಲಿಂದ ಜೋತುಬಿಟ್ಟಿದ್ದ ದಾರ ಪರದೆಯ ಮೇಲೆ ನಿಚ್ಚಳವಾಗಿ ಕಾಣುತ್ತಿತ್ತಂತೆ. ಅದಕ್ಕೂ ಮಾವನ ಹತ್ತಿರ ಉತ್ತರವಿತ್ತು: “ಬಾವಿಗಿಳಿಯೋನು ಹಗ್ಗ ಕಟ್ಕಳಕ್ಕಿಲ್ವಾ? ಹಂಗೇ!”

ಅಂದು ಹೆಂಗಸರ ಕಡೆಯಲ್ಲಿ ಸೆರಗು ಒದ್ದೆಯಾಗದವರಿರಲಿಲ್ಲವಂತೆ. ಅವರಲ್ಲಿ ನಮ್ಮಮ್ಮನೂ ಒಬ್ಬಳು, ಮಾವನ ಒಬ್ಬಳೇ ತಂಗಿ. ಅಮ್ಮ ಆ ಕತೆಯನ್ನು ನಮಗೆ ಹೇಳದೆ ಒಂದು ಗೌರಿ ಹಬ್ಬವೂ ಕಳೆದಿಲ್ಲ. ಬೈರಮಂಗಲದ ಹತ್ತಿರವಿರುವ ನಮ್ಮೂರಿಗೆ ಮಾವ ಬಾಗಿನದ ಮೊರ ಹೊತ್ತು ಬರದೆಯೂ ಒಂದು ಹಬ್ಬ ಕಳೆದಿಲ್ಲ. ಮೊದಲು ಸೈಕಲ್ಲಿನಲ್ಲಿ, ಆಮೇಲೆ ಬಸ್ಸಿನಲ್ಲಿ, ಒಂದು ವರ್ಷವಂತೂ ಬಸ್ ಮುಷ್ಕರವಾಗಿ ತೆಂಗಿನಕಾಯಿ ಲಾರಿಯ ಮೇಲೆ! ಅವನೇ ಕಡೆದುಕೊಟ್ಟ ಕೆಂಪು-ಹಳದಿ ಹಡಗೊಂದು ನಮ್ಮ ಟಿವಿಯ ಮೇಲೆ ಇವತ್ತಿಗೂ ಇದೆ.

ಹೀಗಿರುವಾಗ ಬಿಡದಿಯ ಹೊಲಗಳಲ್ಲಿ ಫ್ಯಾಕ್ಟರಿಗಳು ಎದ್ದವು. ನಾನೂ ಒಂದರಲ್ಲಿ ಸೂಪರ್‌ವೈಸರ್ ಆದೆ. ಹೆದ್ದಾರಿ ಅಗಲವಾಯಿತು, ಬೊಂಬೆ ಅಂಗಡಿಗಳಿಗೆ ಕೀ ಕೊಟ್ಟರೆ ಕಿರುಚುವ ಪ್ಲಾಸ್ಟಿಕ್ ಸಾಮಾನು ಬಂತು. ಎಲ್ಲರೂ ಬದಲಾದ ಮೇಲೆ ಆಕಾಶದಣ್ಣನೊಬ್ಬ ಹಾಗೇ ಇರುತ್ತಾನೆಯೇ? ಅದೇ ಚಿತ್ರವನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡಿ ಬಿಟ್ಟರು, ಅದು ರಾಮನಗರದ ಟಾಕೀಸಿಗೂ ಬಂತು. ಭಾನುವಾರದ ಮ್ಯಾಟಿನಿಗೆ ಮಾವ ಇಸ್ತ್ರಿ ಅಂಗಿ ಹಾಕಿಕೊಂಡು, ನೆಂಟರ ಮನೆಯ ಮದುವೆಗೆ ಹೊರಟವನಂತೆ ನನ್ನ ಜೊತೆ ಬಂದ.

ಹಡಗು ಇಳಿಯಿತು. ಮಾವ ಕಣ್ಣು ಕಿರಿದು ಮಾಡಿದ.

“ಲೇ ಅಳಿಯ, ದಾರ ಎಲ್ಲೈತ್ಲಾ?”

“ಈಗ ದಾರ ಇಲ್ಲ ಮಾವ. ಎಲ್ಲಾ ಕಂಪ್ಯೂಟರ್.”

“ದಾರ ಇಲ್ದೆ ವಾಪಸ್ ಎಂಗೋದಾನ್ಲಾ?”

ಆಮೇಲೆ ಆಸಾಮಿ ಇಳಿದ. ಅವನಿಗೆ ಎರಡು ಕಿವಿ! “ಯಾವ ಸೋದರಮಾವ ಬಂದಿದ್ನಂತೆ? ಕೇಳೋರಿಲ್ವಾ?” ಎಂದು ಮಾವ ಸುತ್ತಮುತ್ತ ನೋಡಿದ. ಹಳೆಯದರಲ್ಲಿ ಒಂದೇ ಒಂದು ಜೀಪು ಸುಟ್ಟಿತ್ತಂತೆ. ಹೊಸದರಲ್ಲಿ ಊರಿಗೆ ಊರೇ ಉರಿಯಿತು. “ತಂಗಿ ಮನೆಗೆ ಬರೋನು ಊರು ಸುಡ್ತಾನಾ?” ಎಂದು ಗೊಣಗಿದ. ಇಷ್ಟನ್ನೂ ಅವನು ಸಹಿಸಿಕೊಂಡ. ಆದರೆ ಆಕಾಶದಣ್ಣ ಬಿಳಿ ಕೋಟಿನವಳ ಸೊಂಟಕ್ಕೆ ಕೈ ಹಾಕಿ, ಪರದೆ ತುಂಬ ಅವಳ ತುಟಿಗೆ ಮುತ್ತು ಕೊಟ್ಟ ನೋಡಿ, ಮಾವ ಕುರ್ಚಿ ಬಿಟ್ಟೆದ್ದ.

“ಅಯ್ಯಯ್ಯೋ, ತಂಗಿ ಕಣ್ಲಾ ಅದು! ಬುಡ್ಲಾ, ಬುಡೋ ಅವ್ಳನ್ನ!”

ಇಡೀ ಟಾಕೀಸು ಗೊಳ್ಳೆಂದಿತು. ಗೇಟಿನವನು ಟಾರ್ಚು ಹಿಡಿದು ಬಂದು ನಮ್ಮಿಬ್ಬರನ್ನೂ ಬಿಸಿಲಿಗೆ ದಾಟಿಸಿದ. ಹೊರಗೆ ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತು ನಾನು ನಗುತ್ತಲೇ ಇದ್ದೆ. ಮಾವ ನಗಲಿಲ್ಲ.

“ಇದ್ನ ನಿಮ್ಮವ್ವ ನೋಡಕೂಡ್ದು ಕಣ್ಲಾ,” ಅಂದ. “ಮೂವತ್ತು ವರ್ಸದಿಂದ ನನ್ನ ಮಾತು ನಂಬ್ಕೊಂಡು ಬಂದವ್ಳೆ. ಇದ್ನ ಕಂಡ್ರೆ ಅಣ್ಣ ಸುಳ್ಳು ಹೇಳ್ದ ಅಂತಾಗೋಯ್ತದೆ.”

ಲಾರಿ ಹತ್ತಿ ಬಾಗಿನ ತಂದ ಮನುಷ್ಯ ಅಷ್ಟು ಹೆದರಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಬಾಯಿ ಬಿಡುವುದಿಲ್ಲವೆಂದು ಆಣೆ ಮಾಡಿದೆ. ಏನು ಪ್ರಯೋಜನ? ನಮ್ಮೂರ ಹೋಟೆಲಿನ ಗೋಡೆಗೇ ಪೋಸ್ಟರ್ ಅಂಟಿಸಿಬಿಟ್ಟಿದ್ದರು! ಅಮ್ಮ ಹಡಗಿನ ಗುರುತು ಹಿಡಿದು, ನನ್ನನ್ನೂ ಕರೆದುಕೊಂಡು ಹೋಗೆಂದು ಮಾವನಿಗೆ ಫೋನ್ ಮಾಡಿದಳು. ಮಾವ ಸಿನಿಮಾ ಚೆನ್ನಾಗಿಲ್ಲವೆಂದ, ಟಾಕೀಸಿನಲ್ಲಿ ತಿಗಣೆ ಕಾಟವೆಂದ, ಕೊನೆಗೆ ಆಕಾಶದಣ್ಣನಿಗೆ ಈ ಸಲ ಹುಷಾರಿಲ್ಲ ಎಂದೂ ಹೇಳಿ ನೋಡಿದ.

“ಹುಷಾರಿಲ್ದೆ ಇದ್ರೆ ನೋಡ್ಕೊಂಡು ಬರೋದು ಬ್ಯಾಡ್ವಾ?” ಎಂದ ಅಮ್ಮ ಹೊಸ ಸೀರೆ ಉಟ್ಟಳು.

ಮುಂದಿನ ಭಾನುವಾರ ಮೂವರೂ ಕೂತೆವು. ಮಾವ ಮಧ್ಯದಲ್ಲಿ. ಗೇಟಿನವನು ಗುರುತು ಹಿಡಿದು, “ಯಜಮಾನ್ರೆ, ಇವತ್ತು ತಂಗಿ ಸುದ್ದಿ ಬೇಡ” ಎಂದು ಕೈ ಮುಗಿದ. ಮಾವ ಏನೋ ಉಪಾಯ ಮಾಡಿಕೊಂಡೇ ಬಂದಿದ್ದಾನೆಂದು ನನಗೆ ಅವನ ಮುಖ ನೋಡಿದರೇ ಗೊತ್ತಾಯಿತು. ಆಸಾಮಿಯ ಕೈ ಬಿಳಿ ಕೋಟಿನವಳ ಸೊಂಟದ ಕಡೆ ಹೊರಟಿತೋ ಇಲ್ಲವೋ, “ತಂಗೀ, ನನ್ನ ಚಪ್ಲಿ ಕಾಣ್ತಿಲ್ಲ, ಒಸಿ ಕೆಳಗೆ ನೋಡವ್ವ!” ಎಂದ. ಅಮ್ಮ ಬಗ್ಗಿದಳು, ಮುತ್ತು ಮುಗಿಯಿತು. ಗೆದ್ದವನಂತೆ ಮಾವ ನನ್ನ ತೊಡೆ ಚಿವುಟಿದ.

ಆದರೆ ಹಿಂದಿನ ವಾರ ಅರ್ಧದಲ್ಲೇ ಹೊರಬಿದ್ದಿದ್ದ ಮಾವನಿಗೆ ಮುಂದೆ ಎಷ್ಟು ಮುತ್ತುಗಳಿವೆ ಎಂಬ ಲೆಕ್ಕ ಎಲ್ಲಿಂದ ಬರಬೇಕು? ಎರಡನೆಯದಕ್ಕೂ ಚಪ್ಪಲಿ ಕಳೆಯಿತು. ಅಮ್ಮ ಮತ್ತೆ ಬಗ್ಗಿದಳು. ಮೂರನೆಯದು ಶುರುವಾಗುತ್ತಲೇ ಮಾವ, “ತಂಗೀ, ಚಪ್ಲಿ...” ಎಂದ. ಅಮ್ಮ ಅಲುಗಾಡಲಿಲ್ಲ.

“ಅಣ್ಣಯ್ಯ, ಚಪ್ಲಿ ನಿನ್ನ ಕಾಲಲ್ಲೇ ಐತೆ. ಸುಮ್ಕೆ ಸಿನ್ಮಾ ನೋಡು.”

ಅಮ್ಮ ಕಣ್ಣು ಮಿಟುಕಿಸದೆ ಪೂರ್ತಿ ಮುತ್ತನ್ನು ನೋಡಿದಳು. ಅದೂ ಎಂಥ ಉದ್ದದ ಮುತ್ತು! ಮಾವ ತಲೆ ತಗ್ಗಿಸಿ ತನ್ನ ಅರಗು ಮೆತ್ತಿದ ಬೆರಳುಗಳನ್ನು ನೋಡುತ್ತ ಕೂತ. ನನಗೆ ನಗು ಪೂರ್ತಿ ನಿಂತುಹೋಗಿತ್ತು. ಆಗ ಅಮ್ಮ ಅವನ ಕಿವಿಯ ಹತ್ತಿರ ಬಾಗಿದಳು.

“ಅದು ತಂಗಿ ಅಲ್ಲ ಕಣಣ್ಣಯ್ಯ. ಅತ್ತಿಗೆ! ಈ ಸಲ ಮದ್ವೆ ಮಾಡ್ಕೊಂಡವ್ನೆ. ಹೆಂಡ್ತಿನೂ ಕರ್ಕೊಂಡು ಹಬ್ಬಕ್ಕೆ ಹೊಂಟವ್ನೆ.”

ಮಾವ ನಿಧಾನವಾಗಿ ತಲೆ ಎತ್ತಿದ. “ಹಂಗಂತೀಯಾ?” ಎಂದು ಪರದೆಯನ್ನು ಹೊಸದಾಗಿ ನೋಡಿದ. ಆಮೇಲೆ ಬಹಳ ಮೆತ್ತಗೆ ಕೇಳಿದ, “ಹಂಗಾದ್ರೆ ತಂಗಿ ಎಲ್ಲವ್ಳೆ?”

“ಇಲ್ಲೇ ನಿನ್ನ ಪಕ್ದಲ್ಲಿ ಕೂತಿಲ್ವಾ?” ಎಂದಳು ಅಮ್ಮ.

ಇನ್ನು ಮಾವನನ್ನು ಹಿಡಿಯುವವರು ಯಾರು! “ಓಹೋ, ಅತ್ತಿಗೆ ಕಣ್ರಪ್ಪೋ!” ಎಂದು ಹಳೆಯ ಗಂಟಲಲ್ಲೇ ಶುರು ಮಾಡಿದ. ಮುಂದಿನ ಸಾಲಿನ ಕಾಲೇಜು ಹುಡುಗನೊಬ್ಬ ತಿರುಗಿದ. ಬೈಯುತ್ತಾನೆಂದು ನಾನು ಕುಗ್ಗಿ ಕೂತೆ. ಅವನು, “ತಾತ, ಒಸಿ ಜೋರಾಗಿ ಹೇಳಿ, ನಮ್ಗೂ ಇಂಗ್ಲಿಷ್ ಬರಕ್ಕಿಲ್ಲ” ಅಂದ. ಗೇಟಿನವನು ಟಾರ್ಚು ಆರಿಸಿ ಅಲ್ಲೇ ಗೋಡೆಗೊರಗಿ ನಿಂತು ಕೇಳಿದ.

ಮಾವನನ್ನು ಚನ್ನಪಟ್ಟಣದ ಬಸ್ಸು ಹತ್ತಿಸಿ ನಾವು ನಮ್ಮ ಬಸ್ಸಿನಲ್ಲಿ ಕೂತಾಗ ಅಮ್ಮನನ್ನು ಕೇಳಿದೆ, “ಅದು ತಂಗಿ ಅಲ್ಲ ಅಂತ ನಿಂಗೆ ಯಾವಾಗ ಗೊತ್ತಾಯ್ತು?”

“ಟೆಂಟಲ್ಲೇ,” ಎಂದಳು ಅಮ್ಮ. “ಆಗ್ಲೂ ಅವ್ರಿಬ್ರೂ ಕೈ ಕೈ ಹಿಡ್ಕೊಂಡೇ ಓಡಾಡಿದ್ದು, ನಂಗೇನು ಕಣ್ಣಿರ್ನಿಲ್ವಾ? ಮದ್ವೆ ಆಗಿ ತಿಂಗ್ಳಾಗಿತ್ತು, ಮಾರ್ನೆ ದಿನ ಗಂಡನ ಮನೆಗೆ ಕಳಿಸೋರಿದ್ರು. ಅವ್ವ ಇಲ್ದ ತವ್ರು, ಇನ್ನ ಯಾರು ಕರೀತಾರೆ ಅಂತ ಅಳ್ತಾ ಕೂತಿದ್ದೆ. ಗಂಡಸ್ರ ಕಡೆಯಿಂದ ನಡುವಿನ ತಟ್ಟಿ ಮೇಲೆ ಇಣುಕಿ ನೋಡ್ದ ಅಣ್ಣಯ್ಯ. ಆಮೇಲೆ ಎದ್ದು ನಿಂತು ಆ ಕತೆ ಹೇಳ್ದ. ಟೆಂಟಿಗೆಲ್ಲ ಹೇಳ್ದಂಗೆ ಹೇಳ್ದ, ಹೇಳಿದ್ದು ನಂಗೇ. ಹೇಳ್ದಂಗೆ ಬಂದ್ನಲ್ಲ, ಒಂದ್ ವರ್ಸನೂ ತಪ್ಪಿಸ್ನಿಲ್ಲ. ಸುಳ್ಳು ಎಲ್ಲೈತೆ?”

ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಆ ವರ್ಷದ ಗೌರಿ ಹಬ್ಬಕ್ಕೆ ಮಾವ ತಂದ ಮೊರದಲ್ಲಿ ಬಳೆ, ಅರಿಶಿನ, ರವಿಕೆ ಬಟ್ಟೆಯ ಜೊತೆಗೆ ಹೊಸದೊಂದು ಅರಗಿನ ಹಡಗಿತ್ತು. ಅದರ ನೆತ್ತಿಗೆ ಮೊಳದುದ್ದ ಅರಿಶಿನ ಬಳಿದ ದಾರ ಕಟ್ಟಿದ್ದ. ದಾರ ಯಾತಕ್ಕೆ ಮಾವ ಎಂದು ಕೇಳಿದೆ.

“ಇರ್ಲಿ ಕಣ್ಲಾ,” ಎಂದ ಮಾವ. “ಎಲ್ಲಿಂದ ಬಂತು ಅಂತ ಕಾಣ್ಬೇಕು.”

ಅಮ್ಮ ಅದನ್ನು ಟಿವಿಯ ಮೇಲೆ ಇಡಲಿಲ್ಲ. ಬಾಗಿಲ ತೊಲೆಗೆ ನೇತುಹಾಕಿದಳು.